ಬಿಗಿ ಮಾಡಿದರೂ ನಿಲ್ಲದ ಸೋರಿಕೆ: ಬ್ರೇಡೆಡ್ ಪೆಟ್ರೋಲ್ ಪೈಪಿಗೆ ಕೆಲವು ಸೂತ್ರಗಳು

ಕಾರಿಗೆ ದೊಡ್ಡ ಪಂಪು, ಹೊಸ ರೆಗ್ಯುಲೇಟರ್ ಹಾಕಿಸಿ, ಕಂಪನಿಯ ಪೈಪು ತೆಗೆದು ಉಕ್ಕಿನ ಹೆಣಿಗೆಯ ಹೋಸ್ ಎಳೆದಿದ್ದೀರಿ. ಕೆಂಪು, ನೀಲಿ ಬಣ್ಣದ ಅಲ್ಯೂಮಿನಿಯಂ ಫಿಟ್ಟಿಂಗುಗಳು ನೋಡಲು ಚೆನ್ನ. ಆದರೆ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ, ಯಾವುದೋ ನಟ್ಟಿನ ಬುಡದಲ್ಲಿ ತೇವ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಸ್ಪ್ಯಾನರಿನ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಈ ಫಿಟ್ಟಿಂಗುಗಳಲ್ಲಿ ಪ್ರತಿಯೊಂದೂ ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಸೀಲ್ ಆಗುತ್ತದೆ. ಆ ಜಾಗ ಯಾವುದೆಂದು ತಿಳಿಯದೆ ಬಿಗಿ ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ, ಫಿಟ್ಟಿಂಗ್ ಹಾಳಾಗುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತನ್ನೇ ಹಿಡಿದು ಹೊರಟಿವೆ.

1. ಮೊದಲು ಬೆಂಕಿಯನ್ನು ನೆನೆಯಿರಿ

ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಊರಿನ ಬಿಸಿಲಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಭಾರ, ಮೇಲೆ ಹಾರಿಹೋಗದೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಈ ಕೆಲಸವನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಾಗಲಿ, ಸರ್ವಿಸ್ ಗುಂಡಿಯ ಮೇಲಾಗಲಿ ಮಾಡಬೇಡಿ. ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಪೌಡರ್ ತುಂಬಿದ ಅಗ್ನಿಶಾಮಕ ಕೈಗೆಟುಕುವಂತಿರಲಿ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ. ಬಿಸಿಯಾಗುವ ಹಳೆಯ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬಿಟ್ಟು ಎಲ್ಇಡಿ ಟಾರ್ಚ್ ಹಿಡಿಯಿರಿ. ಕಣ್ಣಿಗೆ ಕನ್ನಡಕ ಕಡ್ಡಾಯ.

2. ಒತ್ತಡ ಇಳಿಸದೆ ನಟ್ಟು ಮುಟ್ಟಬೇಡಿ

ಇಂಜೆಕ್ಷನ್ ಕಾರಿನ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಅದು ಬಹಳ ಹೊತ್ತು ಹಾಗೇ ನಿಂತಿರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯಿರಿ. ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಚಾಲೂ ಮಾಡಿ, ಅದು ತಾನಾಗಿ ಆರಿಹೋಗಲಿ. ಇನ್ನೊಮ್ಮೆ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಆಮೇಲೆ ಜಾಯಿಂಟಿಗೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ.

ನಿಮ್ಮದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ, ಎಂಜಿನ್ ಮೇಲಿನ ಹೈ ಪ್ರೆಶರ್ ಪಂಪಿನಿಂದ ಆಚೆಗೆ ಈ ಲೇಖನ ಅನ್ವಯಿಸುವುದಿಲ್ಲ. ಅಲ್ಲಿ ಒತ್ತಡ ನೂರಾರು ಬಾರ್ ಮುಟ್ಟುತ್ತದೆ, ಸಣ್ಣ ಚಿಮ್ಮು ಕೂಡ ಚರ್ಮ ತೂರುತ್ತದೆ. ಅಲ್ಲಿಗೆ ಕಂಪನಿಯ ಉಕ್ಕಿನ ಪೈಪೇ ಸರಿ.

3. ಒದ್ದೆಯಾದ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ

ಬ್ರೇಡೆಡ್ ಹೋಸಿನ ದೊಡ್ಡ ಮೋಸ ಇದು. ಹೊರಗಿನ ಉಕ್ಕಿನ ಹೆಣಿಗೆ ಪೆಟ್ರೋಲನ್ನು ಒಳಗೆಳೆದುಕೊಂಡು, ತಂತಿಗಳ ಸಂದಿಯಲ್ಲೇ ಹರಿಸಿಕೊಂಡು ಹೋಗಿ, ಎಲ್ಲಿ ಹೋಸ್ ತಗ್ಗಿಗೆ ಬಾಗಿದೆಯೋ ಅಲ್ಲಿ ತೊಟ್ಟಿಕ್ಕಿಸುತ್ತದೆ. ರೆಗ್ಯುಲೇಟರ್ ಹತ್ತಿರದ ಫಿಟ್ಟಿಂಗ್ ಸೋರುತ್ತಿರುತ್ತದೆ, ಹನಿ ಬೀಳುವುದು ಒಂದು ಅಡಿ ಆಚೆ. ಕೆಳಗೆ ಮಲಗಿ ನೋಡಿದವರು ಹೋಸೇ ತೂತಾಗಿದೆ ಎಂದು ಇಡೀ ಲೈನ್ ಬದಲಿಸುತ್ತಾರೆ. ಹೊಸ ಲೈನೂ ಸೋರುತ್ತದೆ, ಏಕೆಂದರೆ ಹಳೆಯ ಅಡಾಪ್ಟರ್ ಅಲ್ಲೇ ಉಳಿದಿದೆ.

ಹುಡುಕುವ ರೀತಿ ಹೀಗೆ. ಎಲ್ಲ ಜಾಯಿಂಟುಗಳನ್ನೂ ಬ್ರೇಕ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಒಣಗಿ ಆವಿ ಹೋಗುವ ತನಕ ಕಿಡಿ ಹಾರಬಹುದಾದ ಯಾವುದನ್ನೂ ಮುಟ್ಟಬೇಡಿ. ಪ್ರತಿ ಜಾಯಿಂಟಿನ ಎರಡೂ ಕಡೆ, ಅಂದರೆ ನಟ್ಟಿನ ಕಡೆ ಒಂದು, ಹೋಸ್ ಒಳಹೋಗುವ ಕಡೆ ಒಂದು, ಟಿಶ್ಯೂ ಪೇಪರಿನ ತುಂಡು ಸುತ್ತಿ. ಬ್ಯಾಟರಿ, ಫ್ಯೂಸ್ ಮತ್ತೆ ಜೋಡಿಸಿ ಇಗ್ನಿಷನ್ ಆನ್ ಮಾಡಿ. ಎಂಜಿನ್ ಚಾಲೂ ಮಾಡದಿದ್ದರೆ ಪಂಪು ಎರಡು ಮೂರು ಸೆಕೆಂಡು ಓಡಿ ನಿಲ್ಲುತ್ತದೆ. ಆಫ್ ಮಾಡಿ, ಮತ್ತೆ ಆನ್ ಮಾಡಿ. ಹೀಗೆ ಕೆಲವು ಸಲ ಮಾಡಿದರೆ ಪೂರ್ತಿ ಒತ್ತಡ ಏರುತ್ತದೆ. ಯಾವ ಪೇಪರಿನ ಬಣ್ಣ ಮೊದಲು ಗಾಢವಾಯಿತೋ ಅದೇ ಮೂಲ. ನಟ್ಟಿನ ಕಡೆಯ ಪೇಪರ್ ನೆಂದರೆ ಒಂದು ಚಿಕಿತ್ಸೆ, ಹೋಸಿನ ಕಡೆಯದು ನೆಂದರೆ ಇನ್ನೊಂದು. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಟಿಶ್ಯೂಗಳನ್ನು ತೆಗೆಯದೆ ಎಂಜಿನ್ ಚಾಲೂ ಮಾಡಬೇಡಿ.

4. ಎಎನ್ ಫಿಟ್ಟಿಂಗಿನಲ್ಲಿ ಥ್ರೆಡ್ ಸೀಲ್ ಮಾಡುವುದಿಲ್ಲ

ಈ ಬಣ್ಣದ ಎಎನ್ ಫಿಟ್ಟಿಂಗಿನ ಹುಟ್ಟು ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಯ ವಿಮಾನಗಳ ಕೆಲಸದಲ್ಲಿ. ಆರ್ಮಿ, ನೇವಿ ಎಂಬ ಎರಡರ ಮೊದಲ ಅಕ್ಷರಗಳೇ ಎಎನ್. ಒಳಗೆ 37 ಡಿಗ್ರಿ ಓರೆಯ ಶಂಕು, ಅದರ ಮೇಲೆ ಅಷ್ಟೇ ಓರೆಯ ಕುಳಿ ಬಂದು ಕೂರುತ್ತದೆ. ಲೋಹಕ್ಕೆ ಲೋಹ ಒತ್ತಿ ಪೆಟ್ರೋಲ್ ತಡೆಯುವುದು ಅಲ್ಲಿ. ಥ್ರೆಡ್ಡಿನ ಕೆಲಸ ಆ ಎರಡನ್ನು ಒಟ್ಟಿಗೆ ಎಳೆದು ಹಿಡಿಯುವುದಷ್ಟೇ.

ಹಾಗಾಗಿ ಟೆಫ್ಲಾನ್ ಟೇಪ್ ಸುತ್ತಬೇಡಿ. ನಲ್ಲಿಗೆ ಸುತ್ತಿದ ಅಭ್ಯಾಸದಲ್ಲಿ ಇಲ್ಲೂ ಸುತ್ತುವವರು ಬಹಳ. ಟೇಪಿನಿಂದ ಸೋರಿಕೆ ನಿಲ್ಲುವುದಿಲ್ಲ. ಮೇಲಾಗಿ ಅದರ ಎಳೆಗಳು ಕಿತ್ತು ಹೋಗಿ ಇಂಜೆಕ್ಟರಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಸಿಲಿಕೋನ್ ಗ್ಯಾಸ್ಕೆಟ್ ಗಮ್ಮೂ ಬೇಡ, ಪೆಟ್ರೋಲ್ ತಾಗಿ ಉಬ್ಬಿ ಕಿತ್ತುಬರುತ್ತದೆ. ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿಯನ್ನಂತೂ ಒತ್ತಡದ ಪೆಟ್ರೋಲ್ ಲೈನಿನ ಹತ್ತಿರ ತರಲೇಬಾರದು. ಥ್ರೆಡ್ಡಿಗೆ ಒಂದು ಹನಿ ಎಂಜಿನ್ ಆಯಿಲ್ ಸಾಕು.

5. ಹೊಂದಿಕೊಂಡಂತೆ ಕಾಣುವ ಥ್ರೆಡ್ಡನ್ನು ನಂಬಬೇಡಿ

ಎಎನ್ ಅಂಕಿ ಇಂಚಿನ ಹದಿನಾರನೇ ಭಾಗದ ಲೆಕ್ಕ. ಎಎನ್-6 ಎಂದರೆ ಹದಿನಾರರಲ್ಲಿ ಆರು, ಅಂದರೆ 3/8 ಇಂಚಿನ ಟ್ಯೂಬು. ಅದರ ಥ್ರೆಡ್ 9/16 ಇಂಚು, ಇಂಚಿಗೆ 18 ಸುತ್ತು. ತೊಂದರೆ ಏನೆಂದರೆ, ಓ-ರಿಂಗ್ ಇಟ್ಟು ಸೀಲ್ ಮಾಡುವ ಓಆರ್‌ಬಿ-6 ಪೋರ್ಟಿನ ಥ್ರೆಡ್ಡೂ ಸರಿಯಾಗಿ ಇದೇ. ರೆಗ್ಯುಲೇಟರ್, ಫಿಲ್ಟರ್, ಫ್ಯೂಯಲ್ ರೈಲುಗಳಲ್ಲಿ ಹೆಚ್ಚಾಗಿ ಇರುವುದು ಓಆರ್‌ಬಿ ಪೋರ್ಟ್. ಅದಕ್ಕೆ ಶಂಕುವಿನ ಎಎನ್ ಗಂಡು ಫಿಟ್ಟಿಂಗ್ ಸಲೀಸಾಗಿ ತಿರುಗಿ ಕೂರುತ್ತದೆ. ಆದರೆ ಒಳಗೆ ಶಂಕು ಕೂರಲು ಕುಳಿಯೇ ಇಲ್ಲ, ಬಾಯಲ್ಲಿ ಓ-ರಿಂಗೂ ಇಲ್ಲ. ಎಷ್ಟೇ ಬಿಗಿ ಮಾಡಿದರೂ ಸೋರಲೇಬೇಕು.

ಎಎನ್-8ರಲ್ಲಿ ಇನ್ನೊಂದು ಅಪಾಯ. ಏಸಿ ಕೆಲಸಕ್ಕೆ ಬಳಸುವ ಅರ್ಧ ಇಂಚಿನ ಹಿತ್ತಾಳೆ ಫ್ಲೇರ್ ನಟ್ಟಿನ ಥ್ರೆಡ್ಡೂ ಅದೇ 3/4 ಇಂಚು, 16 ಸುತ್ತು. ಆದರೆ ಅದರ ಓರೆ 45 ಡಿಗ್ರಿ. ಎರಡೂ ಸೇರಿದರೆ ಕೂದಲೆಳೆಯಷ್ಟು ಅಗಲದ ಅಂಚು ಮಾತ್ರ ತಾಗುತ್ತದೆ. ಆ ಜಾಯಿಂಟು ಸೋರುತ್ತದೆ.

ಮೂರನೆಯದು ನಮ್ಮ ದೇಶದಲ್ಲೇ ಹೆಚ್ಚು ಕಾಡುವಂಥದ್ದು. ಅಮೆರಿಕದಿಂದ ಬರುವ ರೆಗ್ಯುಲೇಟರುಗಳಲ್ಲಿ ಗೇಜ್ ಕೂರಿಸುವ ತೂತು ಸಾಮಾನ್ಯವಾಗಿ 1/8 ಎನ್‌ಪಿಟಿ ಎಂಬ ಅಮೆರಿಕನ್ ಪೈಪ್ ಥ್ರೆಡ್, ಇಂಚಿಗೆ 27 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟನೇ ಒಂದು ಎಂದು ಕೇಳಿದರೆ ಕೊಡುವುದು ಬ್ರಿಟಿಷ್ ಮಾದರಿಯ ಬಿಎಸ್‌ಪಿ, ಇಂಚಿಗೆ 28 ಸುತ್ತು. ಎನ್‌ಪಿಟಿ ಥ್ರೆಡ್ಡಿನ ಕೋನ 60 ಡಿಗ್ರಿ, ಬಿಎಸ್‌ಪಿಯದು 55. ಮೊದಲ ಎರಡು ಮೂರು ಸುತ್ತು ಸರಾಗ, ಆಮೇಲೆ ಬಿಗಿ. ಸರಿಯಾಗಿ ಕೂತಿತು ಎಂದು ಕೈ ಹೇಳುತ್ತದೆ, ಆದರೆ ಅದು ಥ್ರೆಡ್ ಕೊಯ್ಯುತ್ತಿರುವ ಬಿಗಿ. ಐವತ್ತು ರೂಪಾಯಿಯ ಫಿಟ್ಟಿಂಗ್ ಸಾವಿರಾರು ರೂಪಾಯಿಯ ರೆಗ್ಯುಲೇಟರಿನ ಬಾಯಿ ಕೆಡಿಸುತ್ತದೆ. ಕೊಳ್ಳುವ ಮುಂಚೆ ಥ್ರೆಡ್ ಗೇಜ್ ಇಟ್ಟು ನೋಡಿ. ಅದು ದುಬಾರಿ ಸಾಮಾನಲ್ಲ.

6. ಎನ್‌ಪಿಟಿ ಮಾತ್ರ ನಾಲ್ಕನೇ ಸೂತ್ರಕ್ಕೆ ಹೊರತು

ಅದರ ಥ್ರೆಡ್ಡೇ ಓರೆ, ಸೀಲ್ ಆಗುವುದೂ ಅಲ್ಲೇ. ಪೆಟ್ರೋಲಿಗೆ ತಡೆಯುವ ಥ್ರೆಡ್ ಸೀಲೆಂಟ್ ಪೇಸ್ಟನ್ನು ತುದಿಯ ಒಂದೆರಡು ಸುತ್ತು ಬಿಟ್ಟು ಹಚ್ಚಿ. ಗೇಜಿನ ಮುಖ ನಿಮ್ಮ ಕಡೆ ತಿರುಗಿಸಲೆಂದು ಹಿಂದಕ್ಕೆ ಸಡಿಲಿಸಬೇಡಿ. ಹಾಗೆ ಮಾಡಿದರೆ ಸೀಲ್ ಬಿಟ್ಟುಹೋಗುತ್ತದೆ, ಬಿಚ್ಚಿ ಹೊಸದಾಗಿ ಹಚ್ಚಬೇಕಾಗುತ್ತದೆ.

7. ಕೈಬಿಗಿ, ಆಮೇಲೆ ಅಳೆದು ಬಿಗಿ

ಅಲ್ಯೂಮಿನಿಯಂ ಮೃದು ಲೋಹ. ಸ್ಪ್ಯಾನರಿಗೆ ಉದ್ದನೆ ಪೈಪು ಸಿಕ್ಕಿಸಿ ಎಳೆಯುವ ವಸ್ತುವಲ್ಲ ಇದು. ನಟ್ಟನ್ನು ಕೈಯಲ್ಲೇ ಪೂರ್ತಿ ಓಡಿಸಿ. ಕೈಗೆ ಓಡದಿದ್ದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ. ಹೋಸನ್ನು ಸ್ವಲ್ಪ ಅಲ್ಲಾಡಿಸುತ್ತಾ ಮತ್ತೆ ಕೈಬಿಗಿ ಮಾಡಿ, ಶಂಕು ನೇರವಾಗಿ ಕೂರುತ್ತದೆ. ಈಗ ನಟ್ಟು ಮತ್ತು ಅಡಾಪ್ಟರ್ ಎರಡರ ಮೇಲೂ ಹಾಯುವಂತೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಅಡಾಪ್ಟರನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದರಿಂದ ನಟ್ಟು ತಿರುಗಿಸಿ. ಎಎನ್-6ಕ್ಕೆ ಷಡ್ಭುಜದ ಒಂದು ಮುಖ, ಹೆಚ್ಚೆಂದರೆ ಒಂದೂವರೆ ಮುಖ ತಿರುಗಿದರೆ ಸಾಕು. ತಯಾರಕರು ಟಾರ್ಕ್ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಗೆರೆ ಎಷ್ಟು ಸರಿದಿದೆ ಎಂಬುದು ಮುಂದೆಯೂ ಕಣ್ಣಿಗೆ ಕಾಣುತ್ತಿರುತ್ತದೆ, ಸಡಿಲವಾದರೆ ತಕ್ಷಣ ತಿಳಿಯುತ್ತದೆ.

8. ಬಿಚ್ಚಿದಾಗ ಶಂಕುವನ್ನು ಓದಿ

ಇಷ್ಟಾದರೂ ಸೋರಿದರೆ ಇನ್ನಷ್ಟು ಬಿಗಿ ಮಾಡಬೇಡಿ, ಬಿಚ್ಚಿ. ಶಂಕುವನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಸುತ್ತಲೂ ಒಂದೇ ಅಗಲದ, ಎಲ್ಲೂ ಕಡಿಯದ ತೆಳು ಹೊಳಪಿನ ಉಂಗುರ ಕಂಡರೆ ಜಾಯಿಂಟು ಸರಿಯಾಗಿಯೇ ಕೂತಿತ್ತು, ತಪ್ಪು ಬೇರೆಡೆ ಇದೆ. ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ ಆಗಿದ್ದರೆ ಹೋಸ್ ಪಕ್ಕಕ್ಕೆ ಎಳೆಯುತ್ತಿದೆ. ಉಂಗುರ ಶಂಕುವಿನ ತುದಿಯಲ್ಲೋ ಬುಡದಲ್ಲೋ ಮಾತ್ರ ಇದ್ದರೆ ಎರಡರ ಓರೆ ಬೇರೆ ಬೇರೆ. ಉಂಗುರವನ್ನು ದಾಟಿ ಉದ್ದಕ್ಕೆ ಹೋದ ಗೀರು ಉಗುರಿಗೆ ಸಿಕ್ಕರೆ ಪೆಟ್ರೋಲ್ ಬರುತ್ತಿರುವ ದಾರಿ ಅದೇ. ಉಂಗುರ ಆಳವಾದ ಮೆಟ್ಟಿಲಿನಂತಾಗಿದ್ದರೆ ಹಿಂದೆ ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ. ಹೊಸ ಫಿಟ್ಟಿಂಗೇ ತನ್ನಿ.

ಚಿಕ್ಕ ಗೀರಿಗೆ 37 ಡಿಗ್ರಿಯ ಮೃದು ತಾಮ್ರದ ಅಥವಾ ಅಲ್ಯೂಮಿನಿಯಂ ಶಂಕು ವಾಷರ್ ಸಿಗುತ್ತದೆ. ಒಮ್ಮೆ ಒತ್ತಿದ ವಾಷರನ್ನು ಮತ್ತೆ ಬಳಸಬೇಡಿ. ಎಮರಿ ಪೇಪರಿನಲ್ಲಿ ಶಂಕು ಉಜ್ಜಿ ನುಣುಪು ಮಾಡಲು ಹೋಗಬೇಡಿ, ಓರೆಯೇ ಕೆಡುತ್ತದೆ.

9. ವಾಷರ್, ಓ-ರಿಂಗುಗಳನ್ನು ಹೊಸದೇ ಹಾಕಿ

ಪೆಟ್ರೋಲನ್ನು ತನ್ನೊಳಗಿಂದಲೇ ಹಾಯಿಸುವ ಬಾಂಜೋ ಬೋಲ್ಟಿಗೆ ಎರಡೂ ಬದಿ ಹೊಸ ವಾಷರ್. ಮೆಟ್ರಿಕ್ ಥ್ರೆಡ್ಡಿನ ಪಂಪುಗಳಲ್ಲಿ (ಉದಾಹರಣೆಗೆ ಬಾಷ್ 044ರ ಹೊರಬಾಯಿ ಎಂ12, 1.5 ಪಿಚ್) ಸೀಲ್ ಮಾಡುವುದು ವಾಷರೇ. ಆ ವಾಷರ್ ಕೂರುವ ಮುಖದಲ್ಲಿ ಬಣ್ಣದ ಚಕ್ಕೆ, ಮರಳು ಇರಬಾರದು.

ಓ-ರಿಂಗಿನ ವಿಷಯದಲ್ಲಿ ಈಗ ಇನ್ನೂ ಎಚ್ಚರ ಬೇಕು. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಸಾಧಾರಣ ನೈಟ್ರೈಲ್ ರಬ್ಬರ್ ಹೆಚ್ಚು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಗಡುಸಾಗುತ್ತದೆ. ವಾರಗಟ್ಟಲೆ ನಿಲ್ಲಿಸಿಟ್ಟ ಕಾರು ಚಾಲೂ ಮಾಡಿದ ದಿನವೇ ಸೋರುವುದಕ್ಕೆ ಇದೂ ಒಂದು ಕಾರಣ. ಡಬ್ಬಿಯಲ್ಲಿ ಬಿಡಿಯಾಗಿ ಮಾರುವ ಕಪ್ಪು ಓ-ರಿಂಗ್ ಬಿಟ್ಟು ವೈಟಾನ್ ಎಂದು ಕರೆಯುವ ಫ್ಲೋರೋ ರಬ್ಬರಿನದನ್ನು ಕೇಳಿ ತನ್ನಿ. ಹಾಕುವಾಗ ಒಂದು ಹನಿ ಆಯಿಲ್ ಸವರಿ, ಒಣ ರಿಂಗ್ ತಿರುಚಿ ಹರಿಯುತ್ತದೆ.

10. ಹೋಸ್ ಯಾವುದೋ ಫಿಟ್ಟಿಂಗೂ ಅದರದ್ದೇ

ಹೊರಗಿಂದ ಎರಡೂ ಒಂದೇ ಥರ ಕಂಡರೂ ಬ್ರೇಡೆಡ್ ಹೋಸಿನಲ್ಲಿ ಎರಡು ಜಾತಿ. ಒಂದರ ಒಳಗೆ ದಪ್ಪ ರಬ್ಬರ್, ಇನ್ನೊಂದರ ಒಳಗೆ ತೆಳ್ಳನೆ ಪಿಟಿಎಫ್ಇ (ಟೆಫ್ಲಾನ್) ಕೊಳವೆ. ರಬ್ಬರಿನದಕ್ಕೆ ಫಿಟ್ಟಿಂಗಿನ ನಿಪ್ಪಲ್ ರಬ್ಬರನ್ನು ಒತ್ತಿ ಹಿಡಿಯುತ್ತದೆ. ಪಿಟಿಎಫ್ಇಗೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂನ ಆಲಿವ್ ಎಂಬ ಪುಟ್ಟ ಉಂಗುರ ಬೇಕೇಬೇಕು. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಹಾಕಿದರೆ ಸೋರಿಕೆಯಷ್ಟೇ ಅಲ್ಲ, ಒತ್ತಡ ಏರಿದಾಗ ಹೋಸೇ ಕಳಚಿಕೊಳ್ಳಬಹುದು. ಕತ್ತರಿಸಿದ ತುದಿ ನೋಡಿದರೆ ಯಾವ ಜಾತಿ ಎಂದು ತಿಳಿಯುತ್ತದೆ.

ಪೆಟ್ರೋಲಿಗೆ ಪಿಟಿಎಫ್ಇ ಕೊಳ್ಳುವಾಗ ಒಳಕೊಳವೆ ಕಾರ್ಬನ್ ಬೆರೆತ, ವಿದ್ಯುತ್ ಹರಿಯಬಲ್ಲ ಬಗೆಯದೇ ಎಂದು ಅಂಗಡಿಯವರಿಂದ ಖಾತ್ರಿ ಮಾಡಿಕೊಳ್ಳಿ. ಅದು ಕಪ್ಪಾಗಿರುತ್ತದೆ. ಬಿಳಿ ಕೊಳವೆಯಲ್ಲಿ ಪೆಟ್ರೋಲ್ ಹರಿದು ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ. ಅದು ಉಕ್ಕಿನ ಹೆಣಿಗೆಗೆ ಸಿಡಿಯುತ್ತಾ ಕೊಳವೆಯಲ್ಲಿ ಸೂಜಿಮೊನೆಯ ತೂತು ಕೊರೆಯಬಹುದು. ಆ ಸೋರಿಕೆಯನ್ನು ಯಾವ ಸ್ಪ್ಯಾನರೂ ನಿಲ್ಲಿಸಲಾರದು.

11. ಹೋಸಿನ ಕಡೆಯ ಟಿಶ್ಯೂ ನೆಂದಿದ್ದರೆ ತುದಿ ಕತ್ತರಿಸಿ ಹೊಸದಾಗಿ ಕಟ್ಟಿ

ಇಲ್ಲಿ ಬಿಗಿ ಮಾಡಲು ಏನೂ ಉಳಿದಿರುವುದಿಲ್ಲ. ಕಾರಿನಿಂದ ಹೋಸ್ ಬಿಚ್ಚಿ, ಪೆಟ್ರೋಲ್ ಬಸಿದು, ಗಾಳಿ ಊದಿ ಒಣಗಿಸಿ, ಕಾರಿನಿಂದ ದೂರ ಹೋಗಿ ಈ ಕೆಲಸ ಮಾಡಿ. ಕತ್ತರಿಸುವ ಜಾಗಕ್ಕೆ ಟೇಪನ್ನು ಬಿಗಿಯಾಗಿ ಸುತ್ತಿ, ಟೇಪಿನ ನಡುವೆಯೇ ಲಂಬವಾಗಿ ಕತ್ತರಿಸಿ. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಒಳ್ಳೆಯದು. ತಂತಿ ಎಳೆಗಳು ಹೂವಿನಂತೆ ಬಿಚ್ಚಿಕೊಂಡರೆ ಫಿಟ್ಟಿಂಗಿನ ಹೊರಕವಚವಾದ ಸಾಕೆಟ್ ಒಳಗೆ ಹೋಗುವುದಿಲ್ಲ, ಬೆರಳಿಗೂ ಚುಚ್ಚುತ್ತವೆ.

ರಬ್ಬರ್ ಹೋಸಾದರೆ ಸಾಕೆಟ್ ಒಳಗೆ ಥ್ರೆಡ್ ಶುರುವಾಗುವ ಅಂಚಿನ ತನಕ ತಳ್ಳಿ. ಸಾಕೆಟ್ ಬುಡದಲ್ಲಿ ಹೋಸಿನ ಮೇಲೆ ಟೇಪಿನ ಗುರುತು ಹಾಕಿ. ಸಾಕೆಟನ್ನು ವೈಸಿನಲ್ಲಿ ಮೃದು ದವಡೆ ಇಟ್ಟು ಹಿಡಿದು, ನಿಪ್ಪಲಿಗೂ ಹೋಸಿನ ಒಳಗೂ ಆಯಿಲ್ ಸವರಿ, ತಿರುಗಿಸಿ. ನಿಪ್ಪಲ್ ಒಳಗೆ ಹೋಗುತ್ತಾ ಹೋಸನ್ನು ಹಿಂದಕ್ಕೆ ತಳ್ಳುವುದುಂಟು. ಗುರುತು ಸಾಕೆಟಿನಿಂದ ದೂರ ಸರಿದಿದ್ದರೆ ಹೋಸ್ ಹಿಂದೆ ಬಂದಿದೆ, ಬಿಚ್ಚಿ ಮತ್ತೆ ಮಾಡಿ. ಎಲ್ಲ ಸರಿಯಿದ್ದರೆ ಕೊನೆಯಲ್ಲಿ ನಟ್ಟಿಗೂ ಸಾಕೆಟಿಗೂ ಮಧ್ಯೆ ಒಂದು ಮಿಲಿಮೀಟರ್ ಆಸುಪಾಸಿನ ಸಂದಿ ಉಳಿಯುತ್ತದೆ.

ಪಿಟಿಎಫ್ಇ ಆದರೆ ಮೊದಲು ಸಾಕೆಟನ್ನು ಹೋಸಿಗೆ ತೂರಿಸಿಕೊಳ್ಳಿ, ಮರೆಯುವವರು ಬಹಳ. ಹೆಣಿಗೆಯನ್ನು ಸುತ್ತಲೂ ಸ್ವಲ್ಪ ಅರಳಿಸಿ, ಆಲಿವನ್ನು ಕೊಳವೆಗೂ ಹೆಣಿಗೆಗೂ ನಡುವೆ ತಳ್ಳಿ. ಕೊಳವೆಯ ತುದಿ ಆಲಿವಿನ ಒಳಗಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಒಂದೇ ಒಂದು ತಂತಿ ಎಳೆ ಆಲಿವಿನ ಒಳಗೆ ಸಿಕ್ಕಿದರೂ ಸೋರುತ್ತದೆ. ಈ ಹಂತದಲ್ಲಿ ಭೂತಗನ್ನಡಿ ಹಿಡಿದು ನೋಡುವುದರಲ್ಲಿ ಅತಿಯೇನೂ ಇಲ್ಲ. ಆಲಿವ್ ಒಂದು ಸಲದ ಬಳಕೆಗೆ, ಬಿಚ್ಚಿದರೆ ಹೊಸದು.

ಕಟ್ಟಿದ ಮೇಲೆ ಒಳಗೆ ಮತ್ತೆ ಗಾಳಿ ಊದಿ. ಬ್ಲೇಡಿನ ಪುಡಿ, ರಬ್ಬರಿನ ಚೂರು ನೇರ ಇಂಜೆಕ್ಟರಿಗೆ ಹೋಗುತ್ತವೆ.

12. ಹನಿಯಿಲ್ಲದ ವಾಸನೆಗೆ ಹೋಸೇ ಕಾರಣವಿರಬಹುದು

ಎಲ್ಲ ಟಿಶ್ಯೂ ಒಣಗಿದೆ, ಆದರೂ ಮುಚ್ಚಿದ ಗ್ಯಾರೇಜಿನಲ್ಲಿ ಬೆಳಗ್ಗೆ ವಾಸನೆ. ರಬ್ಬರ್ ಒಳಪದರದ ಬ್ರೇಡೆಡ್ ಹೋಸ್ ಪೆಟ್ರೋಲಿನ ಆವಿಯನ್ನು ತನ್ನ ಮೈಯಿಂದಲೇ ಹೊರಬಿಡುತ್ತದೆ. ವರ್ಷ ಕಳೆದಂತೆ ಇದು ಹೆಚ್ಚುತ್ತದೆ. ಉಕ್ಕಿನ ಹೊದಿಕೆ ಆವಿಯನ್ನು ತಡೆಯುವುದಿಲ್ಲ, ಒಳಗಿನ ರಬ್ಬರ್ ಬಿರುಕು ಬಿಟ್ಟಿದ್ದನ್ನೂ ಮುಚ್ಚಿಡುತ್ತದೆ. ಹೋಸನ್ನು ಮೆಲ್ಲಗೆ ಬಾಗಿಸಿ ನೋಡಿ, ಕಟಕಟ ಎಂದು ಗಡುಸಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಪಿಟಿಎಫ್ಇಗೆ ಬದಲಿಸಿ, ಅದಕ್ಕೆ ತಕ್ಕ ಫಿಟ್ಟಿಂಗುಗಳ ಜೊತೆಗೆ.

13. ಫಿಟ್ಟಿಂಗ್ ವೇಷದ ಕ್ಲ್ಯಾಂಪುಗಳನ್ನು ಕಿತ್ತುಹಾಕಿ

ಕೆಲವು ಕಿಟ್‌ಗಳಲ್ಲಿ ಬಣ್ಣದ ಷಡ್ಭುಜ ಕವಚದ ಒಳಗೆ ಇರುವುದು ಸಾಮಾನ್ಯ ಸ್ಕ್ರೂ ಕ್ಲ್ಯಾಂಪು. ಕಾರ್ಬ್ಯುರೇಟರಿನ ಸಣ್ಣ ಒತ್ತಡಕ್ಕೆ ಹೇಗೋ ನಡೆದೀತು. ಇಂಜೆಕ್ಷನ್ ಕಾರಿಗೆ ಇದನ್ನು ಹಾಕಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದು ನನಗಂತೂ ಒಪ್ಪಿಗೆಯಿಲ್ಲ.

14. ಹೋಸ್ ಓಡುವ ದಾರಿ ಸರಿಮಾಡಿ

ಪದೇ ಪದೇ ಒಂದೇ ಜಾಯಿಂಟು ಸೋರುತ್ತಿದ್ದರೆ ಜಾಯಿಂಟನ್ನು ದೂರಬೇಡಿ, ಹೋಸನ್ನು ನೋಡಿ. ಬಾಡಿಯಿಂದ ಎಂಜಿನ್ನಿಗೆ ಹೋಗುವ ಹೋಸಿಗೆ ಸಡಿಲು ಬೇಕು. ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಹೊರಳುತ್ತದೆ. ಹೋಸ್ ಬಿಗಿಯಾಗಿದ್ದರೆ ಆ ಎಳೆತವೆಲ್ಲ ಫಿಟ್ಟಿಂಗಿನ ಕತ್ತಿಗೆ ಬೀಳುತ್ತದೆ. ತಿರುಗುವ 90 ಡಿಗ್ರಿ ಫಿಟ್ಟಿಂಗುಗಳ ಒಳಗೂ ಒಂದು ಓ-ರಿಂಗ್ ಇರುತ್ತದೆ, ಪಕ್ಕದ ಎಳೆತಕ್ಕೆ ಮೊದಲು ಸೋಲುವುದು ಅದು. ಎರಡೂ ತುದಿ ಜೋಡಿಸಿದ ಮೇಲೆ ಹೋಸ್ ತಿರುಚಿರಬಾರದು. ಎಕ್ಸಾಸ್ಟಿನಿಂದ ದೂರವಿರಲಿ. ರಬ್ಬರ್ ಪದರವಿರುವ ಪಿ-ಕ್ಲ್ಯಾಂಪು ಅಲ್ಲಲ್ಲಿ ಹಾಕಿ.

ಉಕ್ಕಿನ ಹೆಣಿಗೆ ತಾಗಿದ್ದನ್ನೆಲ್ಲ ಅರದಂತೆ ಉಜ್ಜುತ್ತದೆ. ವೈರಿಂಗ್, ಬ್ರೇಕ್ ಪೈಪ್, ಅಲ್ಯೂಮಿನಿಯಂ ಮ್ಯಾನಿಫೋಲ್ಡ್, ಯಾವುದೂ ಬಾಕಿಯಿಲ್ಲ. ಅದರಲ್ಲೂ ಸ್ಟಾರ್ಟರಿನ ದಪ್ಪ ಪಾಸಿಟಿವ್ ಕೇಬಲ್ಲಿನ ಪಕ್ಕ ಎಳೆಯಲೇಬೇಡಿ. ಕೇಬಲ್ಲಿನ ರಬ್ಬರ್ ಸವೆದ ದಿನ ಉಕ್ಕು ತಾಮ್ರಕ್ಕೆ ತಾಗುತ್ತದೆ, ಕಿಡಿ ಹಾರುವುದು ಪೆಟ್ರೋಲ್ ಪೈಪಿನ ಮೈಮೇಲೆ.

15. ಮೊದಲ ಪರೀಕ್ಷೆ ಬಕೆಟ್ಟಿನಲ್ಲಿ ಆಗಲಿ

ಹೋಸಿನ ಒಂದು ತುದಿಗೆ ಎಎನ್ ಮುಚ್ಚಳ, ಇನ್ನೊಂದಕ್ಕೆ ಟೈರ್ ಟ್ಯೂಬಿನ ವಾಲ್ವಿರುವ ಟೆಸ್ಟ್ ಮುಚ್ಚಳ ಹಾಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ, 6 ಬಾರ್ ಗಾಳಿ ತುಂಬಿ. ಮುಖ ದೂರವಿಟ್ಟು, ಕನ್ನಡಕ ಹಾಕಿಕೊಂಡು ಕೆಲವು ನಿಮಿಷ ನೋಡಿ. ಗುಳ್ಳೆ ಏಳದಿದ್ದರೆ ಮಾತ್ರ ಒಣಗಿಸಿ ಕಾರಿಗೆ ಹಾಕಿ. ಹೆಣಿಗೆಯಲ್ಲಿ ಸಿಕ್ಕಿದ್ದ ಗಾಳಿ ಮೊದಲು ನಾಲ್ಕು ಗುಳ್ಳೆ ಬಿಡುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಒಂದೇ ಜಾಗದಿಂದ ನಿಲ್ಲದೆ ಬರುವ ಗುಳ್ಳೆಯೇ ಲೆಕ್ಕಕ್ಕೆ ಬರುವುದು.

16. ಕಾರಿನಲ್ಲಿ ಎರಡು ಸಲ, ತಣ್ಣಗಿದ್ದಾಗ ಮತ್ತು ಬಿಸಿಯಾದಾಗ

ಮೂರನೇ ಸೂತ್ರದ ಟಿಶ್ಯೂ ಪರೀಕ್ಷೆ ತಣ್ಣನೆ ಎಂಜಿನ್ನಿನ ಮೇಲೆ ಮತ್ತೊಮ್ಮೆ ಮಾಡಿ. ಪಾಸಾದರೆ ಟಿಶ್ಯೂಗಳನ್ನೆಲ್ಲ ತೆಗೆದು ಎಂಜಿನ್ ಚಾಲೂ ಮಾಡಿ. ಫ್ಯಾನ್ ಒಮ್ಮೆ ಓಡಿ ನಿಲ್ಲುವ ತನಕ ಐಡಲ್ ಬಿಟ್ಟು, ಆಫ್ ಮಾಡಿ, ಟಾರ್ಚ್ ಹಿಡಿದು ಪ್ರತಿ ಜಾಯಿಂಟಿನ ಕೆಳಭಾಗ ನೋಡಿ. ತಣ್ಣಗಿದ್ದಾಗ ಒಣಗಿದ್ದ ಓ-ರಿಂಗ್ ಜಾಯಿಂಟು ಬಿಸಿಗೆ ಸೋರುವುದೂ, ಬಿಸಿಯಲ್ಲಿ ಒಣಗಿದ್ದದ್ದು ರಾತ್ರಿಯ ಚಳಿಗೆ ಸೋರುವುದೂ ಉಂಟು. ಹಾಗಾಗಿ ಮಾರನೆಯ ಬೆಳಗ್ಗೆ ಕಾರು ಚಾಲೂ ಮಾಡುವ ಮುಂಚೆ ಒಮ್ಮೆ, ಮೊದಲ ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ, ಆಮೇಲೆ ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ ಒಮ್ಮೆ ಮಾರ್ಕರಿನ ಗೆರೆಗಳು ಇದ್ದಲ್ಲೇ ಇವೆಯೇ ನೋಡಿ. ಗೆರೆ ಸರಿದಿಲ್ಲವೆಂದರೆ ಸ್ಪ್ಯಾನರ್ ಮುಟ್ಟಬೇಡಿ.